ಒಂಬತ್ತನೇ ಬ್ಯಾಚಿನ ಸಾಕ್ಷಿ ತುಂಡು

ಫೆಬ್ರವರಿ ೧೧

ಅತ್ತಿಗೆಗೆ,

ಹದಿನೇಳು ಸಲ ಫೋನು ಮಾಡಿದ್ದೇನೆ. ಒಂದು ಸಲವೂ ಎತ್ತಲಿಲ್ಲ. ಅಣ್ಣನಿಗೆ ಮಾಡಿದರೆ "ಅವಳು ಸ್ನಾನಕ್ಕೆ ಹೋಗಿದಾಳೆ ಪುಟ್ಟಿ" ಅನ್ನುತ್ತಾನೆ. ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವಷ್ಟು ಕೊಳೆ ನಿಮಗೆ ಎಲ್ಲಿಂದ ಅಂಟಿತೋ ನನಗೆ ಗೊತ್ತಿಲ್ಲ. ಅದಕ್ಕೇ ಈ ಕಾಗದ. ಆಮೇಲೆ ಬರಲೇ ಇಲ್ಲ ಎನ್ನಬಾರದು ಎಂದು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ.

ಮೂರು ವರ್ಷದ ಹಿಂದೆ ನಾನು ನಿಮ್ಮ ಸಂಸ್ಥೆಯಲ್ಲೇ ಪಿಎಚ್‌ಡಿ ಮಾಡುತ್ತಿದ್ದಾಗ, ಲೇಪ ಹಾಕುವ ನಿಮ್ಮ ಕೋಟಿಂಗ್ ರೂಮಿನಿಂದ ನನಗೆ ಒಂಬತ್ತು ಬ್ಯಾಚು ಬೆಳ್ಳಿ ಲೇಪದ ಗಾಜಿನ ಬಿಲ್ಲೆಗಳು ಬಂದವು. ಒಂಬತ್ತನೇ ಬ್ಯಾಚಿನ ಮೇಲೆ ಬಂದ ಫಲಿತಾಂಶದಿಂದಲೇ ನನ್ನ ಪ್ರಬಂಧ, ಪ್ರಶಸ್ತಿ, ಈಗಿರುವ ಈ ಕೆಲಸ. ಅದು ಸುಳ್ಳು ಎಂದು ಈಗ ಎರಡು ಗುಂಪಿನವರು ಬರೆದಿದ್ದಾರೆ. ಮಾಡಿ ನೋಡಿದರಂತೆ, ಬರಲಿಲ್ಲವಂತೆ. ನಮ್ಮ ಸಂಸ್ಥೆ ಮೂವರ ಸಮಿತಿ ಹಾಕಿದೆ. ಜೂನ್ ಮುಗಿಯುವುದರೊಳಗೆ ಅದೇ ಫಲಿತಾಂಶವನ್ನು ಮತ್ತೆ ತೋರಿಸಬೇಕು. ಇಲ್ಲವಾದರೆ ನಾನು ಅಂಕಿಗಳನ್ನು ಕೂತಲ್ಲೇ ಹುಟ್ಟಿಸಿದವಳು ಎಂದಾಗುತ್ತದೆ. ಕೆಲಸವೂ ಹೋಗುತ್ತದೆ, ಡಾಕ್ಟರೇಟೂ ಹೋಗುತ್ತದೆ.

ಸಮಿತಿಯವರು ಎಲ್ಲವನ್ನೂ ಯಾರಿಗಾದರೂ ತಿಳಿಯುವ ಹಾಗೆ ಬರೆದುಕೊಡಿ ಎಂದಿದ್ದಾರೆ. ಅದನ್ನೇ ನಿಮಗೂ ಬರೆಯುತ್ತೇನೆ, ನಾಳೆ ಒಂದೊಂದು ಪದ ಹಿಡಿದು ಜಗಳ ಬೇಡ. ನನ್ನ ನ್ಯಾನೋವೈರ್ ಎಂದರೆ ಕ್ಯಾಡ್ಮಿಯಂ ಸಲ್ಫೈಡ್‌ನ ತಂತಿ. ಒಂದು ಕೂದಲೆಳೆಯ ಅಗಲದಲ್ಲಿ ಅಂಥ ಎಂಟುನೂರು ತಂತಿ ಮಲಗಿಸಬಹುದು. ಮೇಲಿನಿಂದ ಬೆಳಕು ಹಾಯಿಸುತ್ತಾ ಹೋದರೆ ಒಂದು ಮಟ್ಟ ದಾಟಿದ ಮೇಲೆ ತಂತಿಯ ಎರಡು ತುದಿಯಿಂದ ಹಸಿರು ಲೇಸರ್ ಹೊಮ್ಮುತ್ತದೆ. ಆ ಮಟ್ಟಕ್ಕೆ ನಾವು ಹೊಸ್ತಿಲು ಅನ್ನುತ್ತೇವೆ. ಗಾಜಿನ ಮೇಲೆ ಇಷ್ಟು ತೆಳುವಾದ ತಂತಿ ಹೊಸ್ತಿಲು ದಾಟುವುದೇ ಇಲ್ಲ, ಬೆಳಕು ಒಳಗೆ ನಿಲ್ಲದೆ ಸೋರಿಹೋಗುತ್ತದೆ. ಬೆಳ್ಳಿಯ ಮೇಲಿಟ್ಟರೆ ತಂತಿಗೂ ಬೆಳ್ಳಿಗೂ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ಆದರೆ ಬೆಳ್ಳಿ ಹಿಡಿದುಕೊಂಡದ್ದರಲ್ಲಿ ಒಂದಿಷ್ಟನ್ನು ತಾನೇ ನುಂಗುತ್ತದೆ. ಅದಕ್ಕೆ ನಡುವೆ ಮೆಗ್ನೀಸಿಯಂ ಫ್ಲೋರೈಡ್‌ನ ಒಂದು ಪದರ. ಪದರ ತೀರಾ ತೆಳುವಾದರೆ ಬೆಳ್ಳಿ ಹೆಚ್ಚು ನುಂಗುತ್ತದೆ, ದಪ್ಪವಾದರೆ ಹಿಡಿತ ಸಡಿಲವಾಗುತ್ತದೆ. ನಾನು ಐದು ನ್ಯಾನೋಮೀಟರ್ ಕೇಳಿದ್ದೆ. ಆ ಐದರ ಪದರದ ಮೇಲೆ ತಂತಿ ಇಟ್ಟಾಗ ಹೊಸ್ತಿಲು ಯಾರೂ ನಂಬದಷ್ಟು ಕೆಳಗಿಳಿಯಿತು.

ಈಗ ಇಲ್ಲಿ ಹೊಸ ಮೆಷೀನಿನಲ್ಲಿ ಐದು ಹಾಕಿದರೆ ತಂತಿ ಲೇಸರ್ ಆಗುವ ಮೊದಲೇ ಸುಟ್ಟುಹೋಗುತ್ತದೆ. ಆರು ತಿಂಗಳಿಂದ ಬರೀ ಸುಡುತ್ತಿದ್ದೇನೆ. ಹಾಗಾದರೆ ನೀವು ಕೊಟ್ಟ ಬಿಲ್ಲೆಯಲ್ಲಿ ಏನಿತ್ತು? ಏನು ಬೆರೆಸಿದಿರಿ, ಏನು ಬಿಟ್ಟಿರಿ, ಎಲ್ಲಿ ಕಣ್ಣು ಮುಚ್ಚಿಕೊಂಡಿರಿ? ನನಗೆ ಲಾಗ್‌ಬುಕ್ಕಿನ ಆ ಪುಟದ ಪ್ರತಿ ಬೇಕು. ಪ್ರತಿ ಬ್ಯಾಚಿನ ಜೊತೆ ಒಂದು ಹೆಚ್ಚಿನ ತುಂಡನ್ನೂ ಒಳಗಿಟ್ಟು, ಅದಕ್ಕೂ ಅದೇ ಲೇಪ ಹಾಕಿ, ಸಾಕ್ಷಿ ತುಂಡು ಎಂದು ಎತ್ತಿಡುತ್ತಿದ್ದಿರಲ್ಲ, ಒಂಬತ್ತನೇ ಬ್ಯಾಚಿನ ಆ ತುಂಡೂ ಬೇಕು. ಈ ತಿಂಗಳೊಳಗೆ ಕಳಿಸಿ.

ಇಂತಿ,
ನಿಮ್ಮ ನಾದಿನಿ


ಫೆಬ್ರವರಿ ೨೦

ಡಾಕ್ಟರಮ್ಮನವರಿಗೆ,

ತಮ್ಮ ರಿಜಿಸ್ಟರ್ ಕಾಗದ ತಲುಪಿತು. ಸಹಿ ಹಾಕಿ ತೆಗೆದುಕೊಂಡೆ. ನನಗೂ ಒಂದು ಹೆಸರಿದೆ, ಸಹಿ ಹಾಕಲು ಬರುತ್ತದೆ ಎಂದು ಅಂಚೆಯವನಿಗಾದರೂ ಗೊತ್ತಾಯಿತು.

ಫೋನು ಇನ್ನು ಮೇಲೂ ಎತ್ತುವುದಿಲ್ಲ. ನಿಮ್ಮ ಹತ್ತಿರ ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ ಎಂದು ಕಲಿತಿದ್ದೇನೆ. ಏನಿದ್ದರೂ ಹೀಗೇ ಕಾಗದದಲ್ಲಿ ಹಾಕಿ. ನಿಮ್ಮಣ್ಣನನ್ನು ನಡುವೆ ಎಳೆಯಬೇಡಿ. ಅವರು ಪಾಪ ಇಡೀ ದಿನ ಕನ್ನಡಕದ ಅಂಗಡಿಯಲ್ಲಿ ಊರಿನವರ ಕಣ್ಣು ಸರಿಮಾಡಿ ಬಂದಿರುತ್ತಾರೆ, ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಕೂರಲಿ ಬಿಡಿ.

ಬೆಳ್ಳಿಯ ಪಾಠ ನನಗೆ ಬೇಡ. ಆ ಮೆಷೀನಿನ ಮುಂದೆ ಹತ್ತೊಂಬತ್ತು ವರ್ಷ ನಿಂತಿದ್ದೇನೆ. ಇಡೀ ಕಟ್ಟಡದಲ್ಲಿ ನನ್ನನ್ನು ಬೆಳ್ಳಿಯಕ್ಕ ಎಂದು ಸುಮ್ಮನೆ ಕರೆಯುವುದಿಲ್ಲ. ನೀವು ಮೊದಲನೇ ಬ್ಯಾಚಿನ ಬಿಲ್ಲೆಗಳನ್ನು ಡಬ್ಬಿಗೆ ಹಾಕಿ, ಮೇಲೆ ರಬ್ಬರ್ ಬ್ಯಾಂಡು ಸುತ್ತಿ ಎರಡು ವಾರ ಇಟ್ಟು, "ಅತ್ತಿಗೆ, ನಿಮ್ ಬೆಳ್ಳಿ ಕಪ್ಪಾಯ್ತು" ಎಂದು ನನ್ನ ಮೇಲೆ ಹಾರಿದ್ದು ನೆನಪಿದೆಯೆ? ರಬ್ಬರಿನಲ್ಲಿ ಗಂಧಕ ಇರುತ್ತದೆ, ಅದು ಬೆಳ್ಳಿಯನ್ನು ತಿನ್ನುತ್ತದೆ ಎಂದು ಹೇಳಿಕೊಟ್ಟವಳು ನಾನು. ಬೆಳ್ಳಿಯನ್ನು ನಿಧಾನವಾಗಿ ಹಾಕಿದರೆ ಗುಡ್ಡೆಗುಡ್ಡೆಯಾಗಿ ಕೂರುತ್ತದೆ, ಸರಸರ ಹಾಕಿದರೆ ನುಣ್ಣಗೆ ಕೂರುತ್ತದೆ ಎಂದು ಹೇಳಿಕೊಟ್ಟವಳೂ ನಾನೇ. ನಿಮ್ಮ ಮೊದಲ ಲೇಖನದಲ್ಲಿ ಅದೇ ಮುಖ್ಯ ವಿಷಯ. ಕೆಳಗೆ, ಇರುವೆಯಂಥ ಅಕ್ಷರದಲ್ಲಿ, "ಕೋಟಿಂಗ್ ರೂಮಿನ ಸಿಬ್ಬಂದಿಗೆ ಕೃತಜ್ಞತೆಗಳು" ಎಂದಿತ್ತು. ಆ ರೂಮಿನಲ್ಲಿ ಸಿಬ್ಬಂದಿ ಎಂದು ಇದ್ದವಳು ನಾನೊಬ್ಬಳೇ.

ಲಾಗ್‌ಬುಕ್ಕು ಸಂಸ್ಥೆಯದು, ನನ್ನ ಸೆರಗಿನಲ್ಲಿ ಕಟ್ಟಿಕೊಂಡಿಲ್ಲ. ಬೇಕಾದವರು ಅರ್ಜಿ ಹಾಕಲಿ. ಸಾಕ್ಷಿ ತುಂಡು ಮೂರು ವರ್ಷ ಯಾರು ಕಾಯುತ್ತಾರೆ? ಕಸದ ಬುಟ್ಟಿಗೆ ಹೋಗಿರಬೇಕು.

ಇಂತಿ,
ಸಿಬ್ಬಂದಿ


ಮಾರ್ಚ್ ೯

ಅತ್ತಿಗೆಗೆ,

ನಿಮ್ಮ ಕೊಂಕಿಗೆ ಉತ್ತರ ಕೊಡಲು ಪುರುಸೊತ್ತಿಲ್ಲ. ನೀವು ಎಂದೂ ಏನನ್ನೂ ಎಸೆದವರಲ್ಲ. ಹರಿದ ಕೈಗವಸನ್ನು ಕೂಡ ಒಗೆದು ಒಣಗಿಸಿ ಇಡುತ್ತೀರಿ. ಆ ತುಂಡು ನಿಮ್ಮ ಬೀರುವಿನಲ್ಲಿ, ಎಡಗಡೆ ಡ್ರಾಯರಿನಲ್ಲಿ ಇದೆ. ನಿಮಗೂ ಗೊತ್ತು, ನನಗೂ ಗೊತ್ತು.

ಈ ತಿಂಗಳು ಮಾಡಿದ್ದನ್ನೆಲ್ಲ ಕೇಳಿ. ಬೆಳ್ಳಿ ಹಳತಾಗಿತ್ತೇನೋ ಎಂದು ಹಾಕಿದ ಗಂಟೆಯೊಳಗೆ ತಂತಿ ಇಟ್ಟೆ. ಸುಟ್ಟಿತು. ಒರಟಾಗಿತ್ತೇನೋ ಎಂದು ಇನ್ನೂ ನುಣ್ಣಗೆ ಮಾಡಿಸಿದೆ. ಒಂದೆರಡು ಮಿನುಗಿ ಸುಟ್ಟವು. ಬೆಳ್ಳಿ ಗಾಜಿಗೆ ಅಂಟಲಿ ಎಂದು ನೀವು ಕೆಳಗೆ ಕ್ರೋಮಿಯಂ ಹಾಕಿ ನನಗೆ ಹೇಳದೆ ಬಿಟ್ಟಿರಬಹುದು ಎಂದು ಅದನ್ನೂ ಹಾಕಿ ನೋಡಿದೆ. ಇನ್ನೂ ಕೆಟ್ಟಿತು. ಕೊನೆಗೆ ಹುಚ್ಚು ಹಿಡಿದವಳ ಹಾಗೆ ಚಿನ್ನದ ಮೇಲೂ ಇಟ್ಟೆ. ಚಿನ್ನ ಹಸಿರು ಬೆಳಕನ್ನು ನುಂಗಿ ನೀರು ಕುಡಿಯುತ್ತದೆ ಎಂದು ಮೊದಲ ವರ್ಷದವರಿಗೂ ಗೊತ್ತು. ಅಲ್ಯೂಮಿನಿಯಂ, ಅದೂ ಆಯಿತು. ಐದು ಮಾತ್ರ ಬದಲಿಸಲಿಲ್ಲ. ಅದು ಅಚ್ಚಾದ ಅಂಕಿ, ಅದರ ಮೇಲೇ ನನ್ನ ಹೆಸರು ನಿಂತಿರುವುದು.

ಊಟದ ಹೊತ್ತಿಗೆ ನಾನು ಮೇಜಿಗೆ ಬಂದರೆ ಪಕ್ಕದ ಲ್ಯಾಬಿನವರ ಊಟ ಮುಗಿದಿರುತ್ತದೆ. ತಟ್ಟೆಯಲ್ಲಿ ಅರ್ಧ ಉಳಿದಿದ್ದರೂ ಮುಗಿದಿರುತ್ತದೆ. ನನಗೆ ನಾಚಿಕೆಯಾಗುತ್ತದೆ ಎಂದು ಬರೆದರೆ ನಿಮಗೆ ಹಾಲು ಕುಡಿದಷ್ಟು ಸಂತೋಷವಾಗುತ್ತದೆ ಎಂದು ಗೊತ್ತು. ಕುಡಿಯಿರಿ.

ಸಮಿತಿಯವರು ನಿಮ್ಮ ಸಂಸ್ಥೆಗೇ ಬರೆಯುತ್ತಿದ್ದಾರೆ. ನಾನೇ ಹೇಳಿ ಬರೆಸಿದ್ದೇನೆ. ನನ್ನ ಎದುರಿಗೆ ಹೇಳದಿದ್ದನ್ನು ಅವರ ಎದುರಿಗೆ ಹೇಳಿ.

ಇಂತಿ,
ನಾದಿನಿ


ಏಪ್ರಿಲ್ ೨

ಡಾಕ್ಟರಮ್ಮನವರಿಗೆ,

ಬರೆಸಿದ ಕಾಗದ ಬಂತು. ನಮ್ಮ ಮ್ಯಾನೇಜರು ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ರೂಮಿನ ಬಾಗಿಲಿಗೆ ಬಂದರು. ಈ ಮನುಷ್ಯ ಒಳಗೆ ಬಂದು ವರ್ಷಗಳಾಗಿದ್ದವು.

"ಏನ್ರೀ ಬೆಳ್ಳಿಯಕ್ಕ, ಇದೇನ್ ಗಲಾಟೆ? ನಿಮ್ ಮನೆ ಜಗಳಾನ ಇಲ್ಲಿಗೆ ತಂದಿದೀರಾ?"

"ನಾನ್ ತಂದಿಲ್ಲ ಸಾರ್. ಅಂಚೇಲಿ ಬಂದಿದೆ."

"ಆ ಬ್ಯಾಚಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿತ್ತಾ?"

"ಚೀಟೀಲಿ ಏನ್ ಬರ್ದಿತ್ತೋ ಅದನ್ನೇ ಹಾಕಿದೀನಿ ಸಾರ್. ಒಂದಕ್ಷರ ಆಚೀಚೆ ಇಲ್ಲ."

ಅವರಿಗೆ ಅಷ್ಟು ಸಾಕಾಯಿತು. ಅದನ್ನೇ ಟೈಪು ಮಾಡಿಸಿ ಸಹಿ ಹಾಕಿ ಕಳಿಸಿದ್ದಾರೆ. ನಾನು ಹೇಳಿದ್ದು ಸತ್ಯ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನೀವು ಐದು ಕೇಳಿದಿರಿ, ಮೆಷೀನಿನಲ್ಲಿ ಐದು ಹಾಕಿದೆ. ಕಿಟಕಿಯಲ್ಲಿ ಚೀಟಿ ತಳ್ಳಿ, ಕಿಟಕಿಯಲ್ಲಿ ಡಬ್ಬಿ ತೆಗೆದುಕೊಂಡು ಹೋದವರು ನೀವು. ಒಂದು ದಿನವಾದರೂ ತಲೆ ಒಳಗೆ ಹಾಕಿ "ಹೇಗೆ ಮಾಡ್ತೀರಿ ಅತ್ತಿಗೆ" ಎಂದು ಕೇಳಿದ್ದರೆ ಇವತ್ತು ಹೀಗೆ ಕೈ ಕೈ ಹಿಸುಕಿಕೊಳ್ಳಬೇಕಾಗಿರಲಿಲ್ಲ.

ನನ್ನ ಕೆಲಸದ ಜಾಗಕ್ಕೆ ಕಾಗದ ಬರೆಸಿದ್ದೀರಿ. ಇದನ್ನು ನಾನು ಮರೆಯುವುದಿಲ್ಲ. ನಿಮ್ಮಣ್ಣನಿಗೂ ಹೇಳಿದ್ದೇನೆ, ಈ ಮನೆಗೆ ನೀವು ಬರುವ ದಿನ ನಾನು ತವರಿನಲ್ಲಿರುತ್ತೇನೆ ಎಂದು.

ಇಂತಿ,
ನಿಮ್ಮ ಅಣ್ಣನ ಹೆಂಡತಿ


ಏಪ್ರಿಲ್ ೧೪

ಅತ್ತಿಗೆಗೆ,

"ಮೆಷೀನಿನಲ್ಲಿ ಐದು ಹಾಕಿದೆ" ಎಂದು ಬರೆದಿದ್ದೀರಿ. "ಐದು ಕೊಟ್ಟೆ" ಎಂದು ಬರೆದಿಲ್ಲ. ನಾಲ್ಕು ದಿನ ಆ ಸಾಲನ್ನೇ ಓದಿದೆ.

ನಿಮ್ಮ ರೂಮಿನಲ್ಲೇ ಲೇಪ ಹಾಕಿಸುತ್ತಿದ್ದ ಸೋಲಾರ್ ಗುಂಪಿನ ಗೆಳತಿಗೆ ನಿನ್ನೆ ಫೋನು ಮಾಡಿದೆ. ಸುಮ್ಮನೆ ಕೇಳಿದೆ, ಬೆಳ್ಳಿಯಕ್ಕ ಅಳತೆ ಹೇಗೆ ಹಾಕುತ್ತಿದ್ದರು ಎಂದು. ಅವಳು ನಕ್ಕಳು. "ಅಯ್ಯೋ, ಅವ್ರ ಲೆಕ್ಕಾನೇ ಬೇರೆ ಕಣೆ. ಮೂರು ಹಾಕಿದ್ರೆ ಐದು ಬೀಳುತ್ತೆ ಅಂತಿದ್ರು. ಮೆಷೀನ್ ಮೇಲೆ ಚೀಟಿ ಅಂಟ್ಸಿದ್ರಲ್ಲ, ನೀನ್ ನೋಡಿಲ್ವಾ?"

ನಾನು ನೋಡಿರಲಿಲ್ಲ. ಆ ರೂಮಿನೊಳಗೆ ಒಂದೇ ಒಂದು ಸಲ ಕಾಲಿಟ್ಟಿದ್ದೇನೆ.

ಎಲ್ಲರಿಗೂ ಮೂರು ಹಾಕುತ್ತಿದ್ದಿರಿ. ನನಗೆ ಯಾಕೆ ಐದು ಹಾಕಿದಿರಿ?

ನಾದಿನಿ


ಮೇ ೩

ಪುಟ್ಟಿ,

ಇನ್ನು ಡಾಕ್ಟರಮ್ಮ, ನೀವು, ತಾವು ಎಲ್ಲ ಸಾಕು. ಬೈಯುವಾಗ ಏಕವಚನವೇ ಸರಿ, ತಪ್ಪು ಒಪ್ಪಿಕೊಳ್ಳುವಾಗಲೂ ಅದೇ ಸರಿ.

ಮೆಷೀನಿನೊಳಗೆ ಒಂದು ಸ್ಫಟಿಕ ಇರುತ್ತದೆ. ಬಿಲ್ಲೆಯ ಮೇಲೆ ಎಷ್ಟು ಲೇಪ ಬಿತ್ತು ಎಂದು ಮೆಷೀನಿಗೆ ಹೇಳುವುದು ಅದೇ. ನೀನು ಏಳನೇ ಬ್ಯಾಚು ಕೇಳಿದ ವರ್ಷ ಅದರ ಹಿಡಿ ಮುರಿಯಿತು. ಬದಲಿ ಹಿಡಿ ಹಾಕಿದವರು ಅದನ್ನು ಲೇಪ ಆವಿಯಾಗಿ ಏಳುವ ಮೂಸೆಯಿಂದ ಮೊದಲಿಗಿಂತ ನಾಲ್ಕು ಬೆರಳು ದೂರ ಕೂರಿಸಿಹೋದರು. ದೂರವಾದ ಮೇಲೆ ಅದಕ್ಕೆ ಬೀಳುವುದು ಕಮ್ಮಿ, ಬಿಲ್ಲೆಗೆ ಬೀಳುವುದು ಹೆಚ್ಚು. ಮೆಷೀನು ಐದು ಎನ್ನುವಾಗ ಬಿಲ್ಲೆಯ ಮೇಲೆ ಎಂಟು ಕೂತಿರುತ್ತದೆ. ಅಳೆಸಿ ಕಂಡುಹಿಡಿದವಳು ನಾನು. ಮೆಷೀನಿನೊಳಗಿನ ಅಂಕಿ ತಿದ್ದಲು ಪಾಸ್‌ವರ್ಡ್ ಬೇಕು, ಅದು ಮ್ಯಾನೇಜರ ಹತ್ತಿರ ಇತ್ತು. ಮೂರು ಸಲ ಬರೆದುಕೊಟ್ಟೆ. "ನೋಡೋಣ" ಎಂದರು. ನೋಡಲೇ ಇಲ್ಲ. ಅದಕ್ಕೆ ಚೀಟಿ ಅಂಟಿಸಿಕೊಂಡು ತಲೆಯಲ್ಲೇ ಲೆಕ್ಕ ಮಾಡಿ ಎಲ್ಲರಿಗೂ ಸರಿಯಾಗಿ ಕೊಡುತ್ತಿದ್ದೆ. ನಿನ್ನ ಏಳನೆಯದಕ್ಕೂ ಎಂಟನೆಯದಕ್ಕೂ ಹಾಗೇ ಕೊಟ್ಟೆ. ದಪ್ಪನೆಯ ಬೆಳ್ಳಿಗೆ ಈ ಲೆಕ್ಕ ಬೇಕಿರಲಿಲ್ಲ, ನೂರಾದರೂ ನೂರರವತ್ತಾದರೂ ಬೆಳಕಿಗೆ ಒಂದೇ. ಮೇಲಿನ ತೆಳು ಪದರಕ್ಕೆ ಮಾತ್ರ ಬೇಕಿತ್ತು.

ಆಮೇಲೆ ನಿನ್ನ ಮೊದಲ ಲೇಖನ ಅಚ್ಚಾಗಿ ಬಂತು. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತೆ ಇದ್ದರು, ನಿಮ್ಮಣ್ಣ ಇದ್ದರು. ನಾನು ತಮಾಷೆಗೆ ಎಂಬ ಹಾಗೆ ಕೇಳಿದೆ, ಒಳಗೆ ತಮಾಷೆ ಇರಲಿಲ್ಲ. "ಎಲ್ಲಾ ಇದೆ, ನನ್ ಹೆಸರೊಂದು ಎಲ್ಲೋಯ್ತೇ ಪುಟ್ಟಿ?" ನೀನು ತಲೆ ಎತ್ತದೆ ಹೇಳಿದೆ, "ಪಾತ್ರೆ ತೊಳ್ದೋರ ಹೆಸರೆಲ್ಲ ಹಾಕ್ತಾ ಹೋದ್ರೆ ಲೇಖನ ಯಾರ್ ಓದ್ತಾರೆ ಅತ್ತಿಗೆ?" ಅತ್ತೆ ನಕ್ಕರು. ನಿಮ್ಮಣ್ಣ ನೀರು ಬೇಕು ಎಂದರು. ನಾನೇ ಎದ್ದುಹೋಗಿ ನೀರು ತಂದುಕೊಟ್ಟೆ.

ಎಂಟು ದಿನಕ್ಕೆ ಒಂಬತ್ತನೇ ಬ್ಯಾಚಿನ ಚೀಟಿ ಕಿಟಕಿಯಲ್ಲಿ ಬಂತು. ಬೆಳ್ಳಿ, ಮೇಲೆ ಮೆಗ್ನೀಸಿಯಂ ಫ್ಲೋರೈಡ್ ಐದು ನ್ಯಾನೋಮೀಟರ್. ಅಡಿಯಲ್ಲಿ ಗೆರೆ ಎಳೆದು ನೀನೇ ಬರೆದಿದ್ದೆ, "ಬರೆದಷ್ಟೇ ಹಾಕಿ. ಸ್ವಂತ ಬುದ್ಧಿ ಬೇಡ." ಆ ಚೀಟಿ ಲಾಗ್‌ಬುಕ್ಕಿನಲ್ಲಿ ಇವತ್ತಿಗೂ ಅಂಟಿಕೊಂಡಿದೆ.

ಸರಿ, ಸ್ವಂತ ಬುದ್ಧಿ ಬೇಡ ತಾನೆ ಎಂದು ಐದನ್ನು ಒತ್ತಿದೆ. ಬೀಳುವುದು ಎಂಟು ಎಂದು ಗೊತ್ತಿದ್ದೇ ಒತ್ತಿದೆ. ನಿನ್ನ ತಂತಿ ಬೆಳಗದಿರಲಿ, ನೀನು ಕಿಟಕಿಗೆ ಬಂದು "ಏನಾಯ್ತು ಅತ್ತಿಗೆ" ಎಂದು ಕೇಳಲಿ, ಆಗ ನೀನೇ ಬರೆದ ಆ ಚೀಟಿಯನ್ನು ನಿನ್ನ ಮುಖಕ್ಕೆ ಹಿಡಿಯೋಣ ಎಂದು ಕಾದೆ. ಹನ್ನೊಂದು ದಿನ ಕಾದೆ. ಊಟ ರುಚಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹನ್ನೆರಡನೇ ದಿನ ನೀನು ಬೂಟು ಕೂಡ ಬಿಚ್ಚದೆ ರೂಮಿನೊಳಕ್ಕೆ ನುಗ್ಗಿದೆ. "ಅತ್ತಿಗೇ! ಬೆಳಗ್ತು! ಮೊದಲ್ನೇ ತಂತೀನೇ ಬೆಳಗ್ತು!" ಎಂದು ನನ್ನನ್ನು ತಬ್ಬಿಕೊಂಡೆ. ಮದುವೆಯಾಗಿ ಬಂದ ಮೇಲೆ ನೀನು ನನ್ನನ್ನು ತಬ್ಬಿಕೊಂಡದ್ದು ಅದೊಂದೇ ಸಲ. ನಾನು ಅಂಟಿಸಿದ್ದ ಲೆಕ್ಕದ ಚೀಟಿ ಮೆಷೀನಿನ ಮೇಲೆ, ನಿನ್ನ ಬೆನ್ನ ಹಿಂದೆ ಇತ್ತು. ತಿರುಗಿದ್ದರೆ ಓದುತ್ತಿದ್ದೆ. ನೀನು ತಿರುಗದ ಹಾಗೆ ನಾನು ನಿನ್ನನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಿಟ್ಟ ಮೇಲೆ ಹೇಳಬಹುದಿತ್ತು. ನಿನ್ನ ಬೂಟಿನ ಮಣ್ಣು ಒರೆಸಲು ಬಗ್ಗಿದೆ.

ಆಮೇಲೆ ಲೇಖನ ಬಂತು, ಪ್ರಶಸ್ತಿ ಬಂತು. ಸಮಾರಂಭದಲ್ಲಿ ನಾಲ್ಕನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ನೀನು ವೇದಿಕೆಯ ಮೇಲೆ "ಐದು" ಎಂದಾಗೆಲ್ಲ ನಾನು ಮನಸ್ಸಿನಲ್ಲೇ "ಎಂಟು" ಎಂದು ತಿದ್ದುತ್ತಿದ್ದೆ. ಅದರಲ್ಲಿ ಅರ್ಧ ಭಯ, ಅರ್ಧ ಹೊಟ್ಟೆಕಿಚ್ಚು. ನಿನ್ನನ್ನು ಬೀಳಿಸಲು ಮಾಡಿದ ಕೆಲಸ ನಿನ್ನನ್ನು ಅಲ್ಲಿಗೆ ಹತ್ತಿಸಿತ್ತು. ಇದನ್ನು ಯಾರ ಹತ್ತಿರ ಹೇಳಿಕೊಂಡು ಅಳಲಿ?

ತುಂಡು ಎಡಗಡೆ ಡ್ರಾಯರಿನಲ್ಲೇ ಇತ್ತು. ಈ ಕಾಗದದ ಜೊತೆ ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ಅಳೆಸಿಕೋ. ನೀನು ಸುಳ್ಳಿ ಅಲ್ಲ ಎಂದು ಅದು ಹೇಳುತ್ತದೆ. ನೀನು ಬರೆದದ್ದು ತಪ್ಪು ಎಂದೂ ಅದೇ ಹೇಳುತ್ತದೆ. ಇದನ್ನು ಸಮಿತಿಗೆ ಕೊಟ್ಟರೆ ನನ್ನ ಸೊಂಟದಲ್ಲಿರುವ ಕೋಟಿಂಗ್ ರೂಮಿನ ಬೀಗದಕೈ ಕಿತ್ತುಕೊಳ್ಳುತ್ತಾರೆ. ಕೊಡಬೇಡ ಎಂದು ಕಾಲು ಹಿಡಿಯುವುದಿಲ್ಲ. ನಿನ್ನ ಮೇಲೆ ಕನಿಕರ ಹುಟ್ಟಿ ಕಳಿಸಿದೆ ಎಂದುಕೊಳ್ಳಬೇಡ. ನ್ಯಾನೋ ಲೆಕ್ಕದಲ್ಲಿ ಹತ್ತೊಂಬತ್ತು ವರ್ಷ ತಪ್ಪದ ಕೈ ಇದು, ಒಂದು ಸಲ ಬೇಕೆಂದೇ ತಪ್ಪಿತು. ಅದನ್ನು ಇನ್ನು ಹೊತ್ತು ತಿರುಗಲು ನನ್ನಿಂದ ಆಗುವುದಿಲ್ಲ.

ಅತ್ತಿಗೆ


ಮೇ ೨೫

ಅತ್ತಿಗೆಗೆ,

ತುಂಡನ್ನು ಮೂರು ಕಡೆ ಅಳೆದರು. ಎಂಟು ದಶಮಾಂಶ ಒಂದು.

ಮರುದಿನವೇ ಇಲ್ಲಿ ಎಂಟು ಹಾಕಿಸಿದೆ. ನಾಲ್ಕನೇ ತಂತಿ ಹಸಿರಾಗಿ ಹೊಮ್ಮಿತು. ಈ ಸಲ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ನನ್ನ ಬದುಕಿನ ದೊಡ್ಡ ಕೆಲಸ ನಿಮ್ಮ ಹಠದ ಫಲ. ನಾನು ರಾತ್ರಿ ಹಗಲು ಯೋಚಿಸಿ ಐದು ಎಂದೆ, ನೀವು ಸೇಡಿಗೆ ಎಂಟು ಕೊಟ್ಟಿರಿ, ಗೆದ್ದದ್ದು ನಿಮ್ಮ ಸೇಡು. ಮೂರು ವರ್ಷ ನೂರಾರು ಜನರ ಮುಂದೆ ನಿಂತು ಸುಳ್ಳು ಅಂಕಿ ಹೇಳಿದ್ದೇನೆ, ನಿಮಗೆ ಗೊತ್ತಿತ್ತು, ನೀವು ಚಪ್ಪಾಳೆ ತಟ್ಟಿದಿರಿ. ಇದನ್ನು ನಾನು ಕ್ಷಮಿಸುವುದಿಲ್ಲ.

ಬಂದ ಬಿಲ್ಲೆಯನ್ನು ನೀವೇ ಒಮ್ಮೆ ಅಳೆಸಬೇಕಿತ್ತಲ್ಲವೇ ಎಂದು ಸಮಿತಿಯವರು ಕೇಳಿದರು. ಬೇಕಿತ್ತು ಎಂದೆ. ಅಲ್ಲಿ ನನ್ನ ತಲೆ ತಗ್ಗಿತು.

ನಿಮ್ಮ ಕಾಗದವನ್ನೂ ಅವರಿಗೆ ಕೊಟ್ಟಿದ್ದೇನೆ. ಪೂರ್ತಿ ಕೊಟ್ಟಿದ್ದೇನೆ. ಊಟದ ಮೇಜಿನ ಪುಟವನ್ನು ತೆಗೆದಿಟ್ಟುಕೊಳ್ಳಬಹುದಿತ್ತು. ಹಾಗೆ ಮಾಡಿದ್ದರೆ ನಾನು ನಿಜವಾಗಿಯೂ ಸುಳ್ಳಿಯಾಗುತ್ತಿದ್ದೆ. ಮೂವರಲ್ಲಿ ಒಬ್ಬರು ಪಾತ್ರೆ ತೊಳೆದವರ ಮಾತನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು. ಆ ಮಾತು ನನಗೆ ಮರೆತುಹೋಗಿತ್ತು ಎಂದೆ. ನಿಮಗೆ ನಿಜ ಬರೆಯುತ್ತೇನೆ, ಮರೆತಿರಲಿಲ್ಲ. ಆಡಿದ ಕ್ಷಣವೇ ನಾಲಿಗೆ ಕಚ್ಚಿಕೊಂಡಿದ್ದೆ. ಆದರೆ ನೀವು ಎದ್ದು ನೀರು ತಂದುಕೊಟ್ಟಿರಿ. ಏನೂ ಆಗಲಿಲ್ಲ ಎಂದುಕೊಂಡು ನಾನು ಊಟ ಮುಂದುವರಿಸಿದೆ.

ನಿಮ್ಮ ಕೆಲಸ ಹೋಗಬಹುದು. ಹೋಗಲಿ ಎಂದೇ ಕೊಟ್ಟೆ ಎಂದುಕೊಳ್ಳಿ, ಬೇರೆ ದಾರಿ ಇರಲಿಲ್ಲ ಎಂದಾದರೂ ಅಂದುಕೊಳ್ಳಿ. ಎರಡೂ ಇದೆ.

ಪತ್ರಿಕೆಯಲ್ಲಿ ತಿದ್ದುಪಡಿ ಬರುತ್ತದೆ. ಪದರ ಐದಲ್ಲ, ಎಂಟು. ಅಷ್ಟು ತೆಳು ತಂತಿಗೆ ಎಂಟೇ ಸರಿಯಾದ ಅಂತರ, ಅದಕ್ಕಿಂತ ಕಮ್ಮಿಯಾದರೆ ಬೆಳ್ಳಿ ಲಾಭಕ್ಕಿಂತ ಹೆಚ್ಚು ನುಂಗುತ್ತದೆ ಎಂದು. ಇದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ತಿದ್ದುಪಡಿಯೇ ಹೊಸ ವಿಷಯವಾಗಿದೆ. ಅದರಲ್ಲಿ ಎರಡನೇ ಲೇಖಕಿ ಎಂದು ನಿಮ್ಮ ಹೆಸರು ಹಾಕಿದ್ದೇನೆ. ಎಂಟು ಹಾಕಿದವರು ನೀವು. ಆ ಹೊಗಳಿಕೆ ನನಗೆ ಬೇಡ, ಬರುವ ಬೈಗುಳವನ್ನು ಒಬ್ಬಳೇ ತಿನ್ನಲೂ ನಾನು ತಯಾರಿಲ್ಲ. ಒಪ್ಪಿಗೆಗೆ ನಿಮಗೊಂದು ಕಾಗದ ಬರುತ್ತದೆ. ಸಹಿ ಹಾಕಿದರೆ ಹೆಸರು ಇರುತ್ತದೆ, ಹಾಕದಿದ್ದರೆ ಬಿಟ್ಟುಹೋಗುತ್ತದೆ. ನಿಮ್ಮಿಷ್ಟ.

ನಾದಿನಿ


ಜುಲೈ ೨೮

ಪುಟ್ಟಿ,

ನಿನ್ನ ಕೆಲಸ ಉಳಿಯಿತಂತೆ, ಡಾಕ್ಟರೇಟೂ ಉಳಿಯಿತಂತೆ. ನಿಮ್ಮಣ್ಣ ಹೇಳಿದರು. ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೇಳಿದ ಮೇಲೆ ಉಸಿರು ಬಿಟ್ಟೆ, ಅಷ್ಟು ನಿಜ.

ಬೀಗದಕೈ ಹೋದ ತಿಂಗಳೇ ಹೋಯಿತು. ಮ್ಯಾನೇಜರು ಮೇಜಿನ ಮೇಲೆ ಕೈ ಚಾಚಿ ಕೂತಿದ್ದರು, ಇಟ್ಟುಬಂದೆ. ಕೆಲಸದಿಂದ ತೆಗೆಯಲಿಲ್ಲ, ಸ್ಟೋರಿಗೆ ಹಾಕಿದ್ದಾರೆ. ಕೈಗವಸು, ಟೋಪಿ, ಒರೆಸುವ ಬಟ್ಟೆ ಕೊಡುವ ಕೆಲಸ. ಕೋಟಿಂಗ್ ರೂಮಿಗೆ ಬೇರೆಯವರು ಬಂದಿದ್ದಾರೆ. ಅವರಿಗೆ ಮೊದಲನೇ ದಿನವೇ ಪಾಸ್‌ವರ್ಡ್ ಕೊಟ್ಟರಂತೆ. ಎರಡು ನಿಮಿಷದಲ್ಲಿ ಅಂಕಿ ತಿದ್ದಿ, ನನ್ನ ಚೀಟಿ ಕಿತ್ತು ಹಾಕಿದ್ದಾರೆ. ಈಗ ಐದು ಹಾಕಿದರೆ ಐದೇ ಬೀಳುತ್ತದೆ. ಆ ದಾರಿಯಲ್ಲಿ ಹೋಗುವಾಗ ಮೆಷೀನಿನ ಗಾಳಿ ಎಳೆಯುವ ಪಂಪಿನ ಸದ್ದು ಕೇಳಿಸುತ್ತದೆ. ಸದ್ದಿನಲ್ಲೇ ಒಳಗೆ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಾಗುತ್ತದೆ, ಹೇಳಲು ಹೋಗುವುದಿಲ್ಲ.

ಸಹಿ ಹಾಕಿದೆ. ಎರಡು ದಿನ ಹಾಕಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ, ಮೂರನೇ ದಿನ ಹಾಕಿ ಅಂಚೆಗೆ ಕೊಟ್ಟೆ. ತಿದ್ದುಪಡಿ ಅಚ್ಚಾಗಿ ಬಂತು. ನಿನ್ನ ಹೆಸರಿನ ಪಕ್ಕದಲ್ಲಿ ನನ್ನ ಹೆಸರು, ನಿನ್ನದರಷ್ಟೇ ದಪ್ಪ ಅಕ್ಷರ.

ಈಗ ಕೂತು ಯೋಚಿಸುತ್ತೇನೆ. ಎಂಟು ಬ್ಯಾಚು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದೆ. ನಿನಗೆ ಒಳ್ಳೆಯದಾಗಲಿ ಎಂದೇ ಮಾಡಿದೆ, ಆಗ ಹಾಗೆಯೇ ಅನಿಸುತ್ತಿತ್ತು. ಅದಕ್ಕೆ ನಾನು ಸಿಬ್ಬಂದಿ. ಒಂದು ಬ್ಯಾಚು ನೀನು ಹಾಳಾಗಲಿ ಎಂದು ಮಾಡಿದೆ, ಅದಕ್ಕೆ ಹೆಸರು ಬಂತು. ನೀನು ಕೊಟ್ಟದ್ದು ಮರ್ಯಾದೆಯೋ ಶಿಕ್ಷೆಯೋ ನನಗೆ ತಿಳಿಯುತ್ತಿಲ್ಲ. ನಿನಗೂ ತಿಳಿದಿರಲಾರದು.

ನಿಮ್ಮಣ್ಣನಿಗೆ ಇದೆಲ್ಲ ಯಾವುದೂ ಇಲ್ಲ. ಆ ಹಾಳೆಯನ್ನು ಅಂಗಡಿಗೆ ಒಯ್ದು, ಚೌಕಟ್ಟು ಕಟ್ಟಿಸಿ, ತಾವೇ ಗಾಜು ಕೂರಿಸಿ, ಹೊರಗಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ. ಬಂದವರನ್ನೆಲ್ಲ ಕೈ ಹಿಡಿದು ಅದರ ಮುಂದೆ ನಿಲ್ಲಿಸುತ್ತಾರೆ. "ನೋಡಿ, ಇದು ನಮ್ ಮನೆಯವಳ ಹೆಸರು. ಇದು ನನ್ ತಂಗೀದು. ಇಬ್ರೂ ಸೇರಿ ಮಾಡಿದ್ದು." ಮೊನ್ನೆ ಎದುರುಮನೆಯಾಕೆ ಬಂದು, "ಅಬ್ಬಾ, ನಾದಿನಿ ಜೊತೆ ಎಷ್ಟ್ ಹೊಂದ್ಕೊಂಡಿದೀರ ನೀವು" ಎಂದಳು. ನಾನು ಹೂಂ ಎಂದೆ.

ಅವರು ಅಂಗಡಿಗೆ ಹೋದ ಮೇಲೆ, ಅದನ್ನು ಇಳಿಸಬೇಕೆಂದು ಎರಡು ಸಲ ಸ್ಟೂಲು ಹತ್ತಿದ್ದೇನೆ. ಎರಡು ಸಲವೂ ಗಾಜು ಒರೆಸಿ ಇಳಿದಿದ್ದೇನೆ.

ಇಂತಿ,
ಎರಡನೇ ಲೇಖಕಿ